ಯುವ ಪ್ರತಿನಿಧಿಯ ಕೆಲಸ ಸಭೆಗೆ ಮುಗಿಯುವುದಿಲ್ಲ

ಭಾರತೀಯ ಕಥೋಲಿಕ ಯುವ ಸಂಚಲನ, ಅಂದರೆ ನಮ್ಮ ಐ.ಸಿ.ವೈ.ಎಂ., ಚರ್ಚ್ ಘಟಕದಿಂದ ಆರಂಭಿಸಿ ವಲಯ, ಧರ್ಮಪ್ರಾಂತ್ಯ, ಪ್ರಾದೇಶಿಕ ಹಾಗೂ ರಾಷ್ಟ್ರೀಯ ಹಂತದವರೆಗೆ ಇರುವ ಸಂಘಟನೆ. ಇದರ ಪ್ರತಿನಿಧಿಗೆ ಸಂಬಳವಿಲ್ಲ. ಕೆಲಸಕ್ಕೆ ರಜೆ ಹಾಕಿ, ರಾತ್ರಿ ಬಸ್ಸು ಹಿಡಿದು ಮಾಡಬೇಕಾದ ಸೇವೆ.

ಈ ಸೇವೆಗೆ ಎರಡು ಮುಖಗಳಿವೆ. ಓದು ಮುಗಿಯುತ್ತಲೇ ಯುವಜನರು ಬೆಂಗಳೂರಿಗೋ ಗಲ್ಫಿಗೋ ಹೊರಟು ಘಟಕಗಳು ಬರಿದಾಗುತ್ತಿರುವ ಸಂಗತಿಯನ್ನು ಮೇಲಿನವರಿಗೆ ಯಾರಾದರೂ ಹೇಳಲೇಬೇಕು. ಅಲ್ಲಿನ ತೀರ್ಮಾನಗಳನ್ನು ಘಟಕಕ್ಕೆ ತಂದು ಮುಟ್ಟಿಸುವುದು ಇನ್ನೊಂದು. ಬಿಟ್ಟುಹೋಗುವುದು ಹೆಚ್ಚಾಗಿ ಇದೇ; ಸಮ್ಮೇಳನದ ಫೋಟೋ ಬರುತ್ತದೆ, ವರದಿ ಬರುವುದಿಲ್ಲ!

ಮಾತು ಎಷ್ಟು ದೂರ ಹೋಗಬಲ್ಲದು ನೋಡಿ. 2018ರ ಅಕ್ಟೋಬರ್‌ನಲ್ಲಿ ಯುವಜನರ ಕುರಿತು ವ್ಯಾಟಿಕನ್‌ನಲ್ಲಿ ನಡೆದ ಧರ್ಮಾಧ್ಯಕ್ಷರ ಸಿನೊಡ್‌ನಲ್ಲಿ ಐ.ಸಿ.ವೈ.ಎಂ. ರಾಷ್ಟ್ರೀಯ ಅಧ್ಯಕ್ಷರು ಭಾಗವಹಿಸಿದ್ದರು. ಇಂತಹ ಯುವ ಆಹ್ವಾನಿತರಿಗೆ ಮತದ ಹಕ್ಕಿರಲಿಲ್ಲ, ಮಾತನಾಡುವ ಅವಕಾಶವಿತ್ತು. ಸಿನೊಡ್‌ನ ಫಲವಾಗಿ 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು 'ಕ್ರಿಸ್ತುಸ್ ವಿವಿತ್' ಪ್ರಬೋಧನೆಯನ್ನು ಪ್ರಕಟಿಸಿದರು. ನಮ್ಮ ಎಷ್ಟು ಘಟಕಗಳಲ್ಲಿ ಅದನ್ನು ಓದಿದ್ದೇವೆ?

ಆದುದರಿಂದ ಧರ್ಮಗುರುಗಳಲ್ಲಿ ಮತ್ತು ಪಾಲನಾ ಮಂಡಳಿಯವರಲ್ಲಿ ನಮ್ಮ ವಿನಂತಿ: ಪ್ರತಿನಿಧಿಯ ಬಸ್ಸಿನ ಖರ್ಚನ್ನು ಚರ್ಚ್ ವತಿಯಿಂದ ಕೊಡಿ. ಹಿಂತಿರುಗಿದ ಮೇಲೆ ಘಟಕದ ಮುಂದಿನ ಸಭೆಯಲ್ಲಿ ಅವರಿಗಾಗಿ ಅರ್ಧ ಗಂಟೆ ಮೀಸಲಿಡಿ.