ಒಂದು ಊರಿನಲ್ಲಿ ಎಷ್ಟು ಜನ? ನವಲಿಯ ನೆಲ ಕಲಿಸುವ ಲೆಕ್ಕ

“ನಿಮ್ಮ ಊರಿನಲ್ಲಿ ಎಷ್ಟು ಜನರಿದ್ದಾರೆ?” ಎಂದು ಕೇಳಿದರೆ ಬಹುಮಂದಿ ವಿದ್ಯಾರ್ಥಿಗಳು ಒಂದು ಅಂದಾಜನ್ನು ಹೇಳಬಲ್ಲರು. “ಊರಿನ ಎಲ್ಲೆಯೊಳಗೆ ಎಷ್ಟು ನೆಲವಿದೆ?” ಎಂದು ಕೇಳಿದರೆ ತುಸು ಹಿಂದೆಮುಂದೆ ನೋಡುತ್ತಾರೆ. “ಆ ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ? ನೀರು ಅದರ ಮೇಲೆ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ?” ಎಂದರಂತೂ ತರಗತಿಯೇ ಮೌನವಾಗಿಬಿಡುತ್ತದೆ. ಆದರೆ ಈ ಕೊನೆಯ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಮೊದಲನೆಯ ಪ್ರಶ್ನೆಯ ಉತ್ತರಕ್ಕೆ ಅರ್ಥವೇ ಬಾರದು. ಜನಸಂಖ್ಯೆಯೆಂಬುದು ನೆಲದಿಂದಲೂ ನೀರಿನಿಂದಲೂ ಬೇರೆಯಾಗಿ ನಿಲ್ಲುವ ಅಂಕಿಯಲ್ಲ. ಇದನ್ನು ಕೊಪ್ಪಳ ಜಿಲ್ಲೆಯ ನವಲಿಯೆಂಬ ಊರನ್ನು ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ನವಲಿಯು ಹೋಬಳಿಯ ಕೇಂದ್ರವಾದ ಒಂದು ಹಳ್ಳಿ. ೧೯೪೮ರವರೆಗೆ ಈ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದಿತು. ೧೯೫೬ರಲ್ಲಿ ರಾಯಚೂರು ಜಿಲ್ಲೆಯೊಡನೆ ಕನ್ನಡ ನಾಡನ್ನು ಕೂಡಿಕೊಂಡಿತು. ೧೯೯೭ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಹಿಂದೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದ ನವಲಿ, ಈಚೆಗೆ ಹೊಸದಾಗಿ ರಚಿತವಾದ ಕನಕಗಿರಿ ತಾಲ್ಲೂಕಿಗೆ ಸೇರಿದೆ. ಒಂದು ತಲೆಮಾರಿನ ಹಿರಿಯರು ತಮ್ಮ ಹೊಲವನ್ನು ಬಿಟ್ಟು ಕದಲದೆಯೇ ಇಷ್ಟೊಂದು ಎಲ್ಲೆಗಳನ್ನು ದಾಟಿದರೆಂದಾಯಿತು! ಎಲ್ಲೆಗಳು ಕಾಗದದ ಮೇಲೆ ಬದಲಾಗುತ್ತವೆ. ನೆಲದ ಇಳಿಜಾರು ಮಾತ್ರ ಬದಲಾಗುವುದಿಲ್ಲ. ನಮಗೆ ಮುಖ್ಯವಾದುದು ಈ ಇಳಿಜಾರು.

ಮೊದಲು ಊರೆಂದರೇನೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಜನಗಣತಿಯವರ ದೃಷ್ಟಿಯಲ್ಲಿ ಊರೆಂದರೆ ಮನೆಗಳ ಗುಂಪಲ್ಲ. ಹೊಲ, ಗೋಮಾಳ, ಕೆರೆ, ಗುಡ್ಡಗಳೆಲ್ಲವೂ ಸೇರಿದ ಕಂದಾಯ ಗ್ರಾಮ. ೨೦೧೧ರ ಗಣತಿಯಲ್ಲಿ ಕರ್ನಾಟಕದಲ್ಲಿ ಇಂಥ ಗ್ರಾಮಗಳು ಸುಮಾರು ೨೯ ಸಾವಿರ ಇದ್ದುವು. ರಾಜ್ಯದ ವಿಸ್ತೀರ್ಣ ಸುಮಾರು ೧,೯೧,೮೦೦ ಚದರ ಕಿಲೋಮೀಟರು. ಭಾಗಿಸಿ ನೋಡಿದರೆ ಒಂದು ಗ್ರಾಮಕ್ಕೆ ಸರಾಸರಿ ಆರೂವರೆ ಚದರ ಕಿಲೋಮೀಟರು ನೆಲ ಬರುತ್ತದೆ. ಯುರೋಪಿನಲ್ಲಿಯೂ ಇಂಥ ಘಟಕಗಳಿವೆ. ಫ್ರಾನ್ಸಿನಲ್ಲಿ ‘ಕಮ್ಯೂನ್’ ಎಂಬ ಸುಮಾರು ೩೫ ಸಾವಿರ ಪುಟ್ಟ ಆಡಳಿತ ಘಟಕಗಳಿದ್ದು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಜನಸಂಖ್ಯೆ ಐನೂರನ್ನೂ ಮುಟ್ಟುವುದಿಲ್ಲ. ಆದರೂ ಪ್ರತಿಯೊಂದಕ್ಕೂ ತನ್ನದೇ ಆದ ಸಭೆಯುಂಟು, ಮೇಯರುಂಟು. ನಮ್ಮಲ್ಲಿ ೧೯೯೩ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ, ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನರಾಗುವಷ್ಟು ಊರುಗಳನ್ನು ಕೂಡಿಸಿ ಒಂದು ಗ್ರಾಮ ಪಂಚಾಯತಿಯನ್ನು ರಚಿಸುತ್ತಾರೆ. ಒಂದೇ ‘ಹಳ್ಳಿ’ ಎಂಬ ಮಾತಿನ ಹಿಂದೆ ಎಷ್ಟು ಬೇರೆ ಬೇರೆ ಅಳತೆಗಳಿವೆ ನೋಡಿರಿ.

ಇನ್ನು ಜನಸಾಂದ್ರತೆ. ೨೦೧೧ರಲ್ಲಿ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಸುಮಾರು ೧೩ ಲಕ್ಷ ೯೦ ಸಾವಿರ. ವಿಸ್ತೀರ್ಣ ೫,೫೭೦ ಚದರ ಕಿಲೋಮೀಟರು. ಅಂದರೆ ಚದರ ಕಿಲೋಮೀಟರಿಗೆ ೨೫೦ ಜನ. ಆರು ಮಂದಿಯಲ್ಲಿ ಒಬ್ಬರು ಪಟ್ಟಣವಾಸಿಗಳು. ಅವರನ್ನು ಬಿಟ್ಟರೆ ಹಳ್ಳಿಗರ ಸಾಂದ್ರತೆ ಸುಮಾರು ೨೧೦. ಆದರೆ ಇದು ಕೇವಲ ಸರಾಸರಿ. ಮಲೆನಾಡಿನಲ್ಲಿ ಒಂದೊಂದು ಮನೆ ಒಂದೊಂದು ತೋಟದ ನಡುವೆ ಇರುತ್ತದೆ. ಬಯಲುಸೀಮೆಯಲ್ಲಿ ಹಾಗಲ್ಲ. ಅಲ್ಲಿ ಬಾವಿ, ಕೆರೆ, ಗುಡಿ, ಅಗಸೆಬಾಗಿಲುಗಳ ಸುತ್ತ ಮನೆಗಳು ಒತ್ತಾಗಿ ಕೂಡಿಕೊಂಡಿರುತ್ತವೆ. ಅದರಾಚೆಗೆ ಮೈಲಿಗಟ್ಟಲೆ ಹೊಲವಲ್ಲದೆ ಒಂದು ಮನೆಯೂ ಕಾಣುವುದಿಲ್ಲ. ಹೀಗಿರುವಲ್ಲಿ ಚದರ ಕಿಲೋಮೀಟರಿಗೆ ೨೧೦ ಜನರೆಂಬುದು ಎಲ್ಲಿಯೂ ಕಣ್ಣಿಗೆ ಕಾಣದ ಸಂಖ್ಯೆ. ಅದರ ನಿಜವಾದ ಅರ್ಥ ಇಷ್ಟೆ: ಒಂದು ಚದರ ಕಿಲೋಮೀಟರು ನೆಲ ಇಷ್ಟು ಜನರ ಅನ್ನದ ಭಾರವನ್ನು ಹೊತ್ತಿದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಮುಂದೆ ಇದರಿಂದ ಕೆಲಸವಿದೆ.

ನೆಲ ಈ ಭಾರವನ್ನು ಹೊರುವ ಬಗೆ ಹೇಗೆ? ನವಲಿಯ ಸೀಮೆಯ ಅಡಿಗಲ್ಲು ಗ್ರಾನೈಟು ಮತ್ತು ನೈಸ್ ಎಂಬ ಅತಿ ಪ್ರಾಚೀನ ಶಿಲೆ. ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹೆಚ್ಚು. ಈ ಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ; ಆದುದರಿಂದ ಬಾವಿಗಳಿಗೆ ಧಾರಾಳವಾದ ಒರತೆಯಿಲ್ಲ. ಮೇಲಿನ ಮಣ್ಣು ಕೆಲವೆಡೆ ಕೆಂಪಾದ ಮಸಾರಿ, ಕೆಲವೆಡೆ ಕಪ್ಪಾದ ಎರೆ. ಮುಂಗಾರಿನ ಮೋಡಗಳು ತಮ್ಮ ನೀರಿನ ಬಹುಭಾಗವನ್ನು ಸಹ್ಯಾದ್ರಿಯ ಮೇಲೆಯೇ ಸುರಿಸಿ ಬರುವುದರಿಂದ ಇಲ್ಲಿ ವರ್ಷಕ್ಕೆ ಸರಾಸರಿ ೬೦೦ ಮಿಲಿಮೀಟರಿಗಿಂತಲೂ ಕಡಿಮೆ ಮಳೆ. ಜೋಳ, ಸಜ್ಜೆಗಳಿಗೆ ಇಷ್ಟು ಸಾಕು. ಭತ್ತಕ್ಕಾದರೋ ಇದರ ಇಮ್ಮಡಿ, ಅಂದರೆ ಸುಮಾರು ೧,೨೦೦ ಮಿಲಿಮೀಟರು ನೀರು ಬೇಕು. ಮಳೆಯನ್ನೇ ನಂಬಿದರೆ ಇದು ಜೋಳದ ನಾಡೇ ಹೊರತು ಅಕ್ಕಿಯ ನಾಡಲ್ಲ.

ಆದರೂ ನವಲಿಯಿಂದ ಕಾರಟಗಿಯ ಕಡೆಗೆ ಹೋದವರಿಗೆ ಭತ್ತದ ಬಯಲೇ ಎದುರಾಗುತ್ತದೆ. ಕನಕಗಿರಿ, ಕುಷ್ಟಗಿಗಳ ಕಡೆಗೆ ತಿರುಗಿದರೆ ಒಣ ಹೊಲಗಳು. ಈ ಎರಡು ನೆಲಗಳ ನಡುವಣ ಗೆರೆಯನ್ನು ಎಳೆದುದು ತುಂಗಭದ್ರೆಯ ಎಡದಂಡೆಯ ಕಾಲುವೆ. ಈ ಗೆರೆಯ ಮರ್ಮವನ್ನು ತಿಳಿಯಲು ಒಂದು ಸುಲಭವಾದ ಪ್ರಯೋಗ ಮಾಡಿ ನೋಡಬಹುದು. ಒಂದು ಬೋಗುಣಿಯಲ್ಲಿ ಒದ್ದೆ ಮಣ್ಣಿನಿಂದ ಚಿಕ್ಕ ದಿಬ್ಬವನ್ನು ಮಾಡಿ, ಬೋಗುಣಿಗೆ ಮೆಲ್ಲನೆ ನೀರು ಹಾಕಿರಿ. ದಿಬ್ಬದ ಸುತ್ತ ನೀರು ಮುಟ್ಟಿದ ಅಂಚಿನ ಗೆರೆ ಡೊಂಕುಡೊಂಕಾಗಿದ್ದರೂ ಅದರ ಮೇಲಿನ ಎಲ್ಲ ಬಿಂದುಗಳೂ ಒಂದೇ ಎತ್ತರದಲ್ಲಿರುತ್ತವೆ. ಇದೇ ಸಮೋನ್ನತಿ ರೇಖೆ. ಕಾಲುವೆ ತೋಡುವವರು ಹೆಚ್ಚುಕಡಿಮೆ ಇಂಥ ರೇಖೆಯನ್ನೇ ಹಿಡಿದು, ಮೈಲಿಗೆ ಕೆಲವೇ ಅಂಗುಲಗಳಷ್ಟು ಇಳಿಜಾರು ಕೊಟ್ಟು ಸಾಗುತ್ತಾರೆ. ಗುರುತ್ವದ ಬಲದಿಂದ ನೀರು ಕಾಲುವೆಯ ಕೆಳಗಿನ ಹೊಲಗಳಿಗೆ ತಾನಾಗಿ ಇಳಿಯುತ್ತದೆ. ಒಂದು ಮಾರು ಮೇಲಿರುವ ಹೊಲಕ್ಕೆ ತಾನಾಗಿ ಏರಲಾರದು. ಅಕ್ಕಪಕ್ಕದ ಇಬ್ಬರು ರೈತರಲ್ಲಿ ಒಬ್ಬನ ಹೊಲ ‘ತರಿ’, ಇನ್ನೊಬ್ಬನದು ‘ಖುಷ್ಕಿ’ ಆಗುವುದಕ್ಕೆ ಅದೃಷ್ಟಕ್ಕಿಂತ ಭೌತವಿಜ್ಞಾನವೇ ಕಾರಣ.

ಜನರ ಲೆಕ್ಕವೂ ಈ ಗೆರೆಯನ್ನೇ ಅನುಸರಿಸಿತು. ೧೯೫೩ರಲ್ಲಿ ಜಲಾಶಯದಿಂದ ನೀರು ಬರಲಾರಂಭಿಸಿದ ಮೇಲೆ ಕಾಲುವೆಯ ಕೆಳಗೆ ಆಂಧ್ರದ ಕಡೆಯಿಂದಲೂ ರೈತರು ಬಂದು ನೆಲೆಸಿದರು. ಅವರು ನೆಲೆಸಿದ ಹೊಸ ಊರುಗಳಿಗೆ ಇಂದಿಗೂ ‘ಕ್ಯಾಂಪು’ ಎಂದೇ ಹೆಸರು. ಕಾಲುವೆಯ ಮೇಲಿನ ಊರುಗಳಿಂದಾದರೋ ಸುಗ್ಗಿ ಮುಗಿಯುತ್ತಲೇ ಜನ ದುಡಿಮೆಯನ್ನರಸಿ ಗುಳೆ ಹೋಗುತ್ತಾರೆ. ಇಲ್ಲಿ ಗಣತಿಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ೨೦೧೧ರ ಗಣತಿ ನಡೆದುದು ಫೆಬ್ರುವರಿ ೯ರಿಂದ ೨೮ರವರೆಗೆ. ಆ ಅವಧಿಯುದ್ದಕ್ಕೂ ಊರಿನಲ್ಲಿಲ್ಲದವರನ್ನು ಊರಿನ ಲೆಕ್ಕಕ್ಕೆ ಸೇರಿಸುವುದಿಲ್ಲ, ಇದ್ದಲ್ಲಿಯೇ ಎಣಿಸುತ್ತಾರೆ. ಫೆಬ್ರುವರಿ ಗುಳೆಯ ಕಾಲ. ಆದುದರಿಂದ ಮಳೆಯನ್ನು ನಂಬಿದ ಹಳ್ಳಿಯ ಜನಸಂಖ್ಯೆ ಪುಸ್ತಕದಲ್ಲಿ ಕಾಣುವುದಕ್ಕಿಂತ ಆಷಾಢದ ಬಿತ್ತನೆಯ ಹೊತ್ತಿಗೆ ಹೆಚ್ಚಾಗಿರಬಹುದು. ಗಣತಿ ತಪ್ಪೆಂದು ಇದರ ಅರ್ಥವಲ್ಲ. ಯಾವ ಅಳತೆಯನ್ನಾದರೂ ಅದು ಯಾವಾಗ, ಹೇಗೆ ತೆಗೆದುದೆಂಬುದನ್ನು ಅರಿತೇ ಓದಬೇಕೆಂದು ಅರ್ಥ.

ಈಗ ನವಲಿಯ ಹೆಸರು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುವುದಕ್ಕೆ ಕಾರಣವಾದ ವಿಷಯಕ್ಕೆ ಬರೋಣ. ಹರಿಯುವ ನೀರು ತನ್ನ ವೇಗದಿಂದ ಮಣ್ಣಿನ ಕಣಗಳನ್ನು ಎತ್ತಿಕೊಂಡು ಬರುತ್ತದೆ. ಜಲಾಶಯವನ್ನು ಸೇರಿದೊಡನೆ ವೇಗ ಕುಂದುತ್ತದೆ. ಕಣಗಳು ತಳಕ್ಕೆ ಇಳಿಯುತ್ತವೆ. ಇದೇ ಹೂಳು. ತುಂಗಭದ್ರಾ ಜಲಾಶಯವನ್ನು ಕಟ್ಟಿದಾಗ ಅದರಲ್ಲಿ ಸುಮಾರು ೧೩೩ ಟಿ.ಎಂ.ಸಿ., ಅಂದರೆ ೧೩೩ ಸಾವಿರ ದಶಲಕ್ಷ ಘನ ಅಡಿ ನೀರು ಹಿಡಿಯುತ್ತಿದ್ದಿತು. ಈಗ ಬಳಕೆಯಲ್ಲಿರುವ ಅಂಕಿ ಸುಮಾರು ೧೦೬. ಅಂದರೆ ೨೭ ಟಿ.ಎಂ.ಸಿ. ನೀರಿನ ಜಾಗವನ್ನು ಹೂಳು ಆಕ್ರಮಿಸಿದೆ. ಅಷ್ಟು ನೀರು ಕಡಿಮೆಯಾದರೆ ಮೊದಲು ಒಣಗುವುದು ಕಾಲುವೆಯ ಕೊನೆಯಲ್ಲಿರುವ ರಾಯಚೂರಿನ ಕಡೆಯ ಹೊಲಗಳು. ಈ ನಷ್ಟವನ್ನು ತುಂಬಿಕೊಳ್ಳಲು, ಮಳೆಗಾಲದಲ್ಲಿ ಹೆಚ್ಚಾಗಿ ಹರಿದುಹೋಗುವ ನೀರನ್ನು ತಂದು ನವಲಿಯ ಬಳಿ ಒಂದು ಸಮತೋಲನ ಜಲಾಶಯದಲ್ಲಿ ನಿಲ್ಲಿಸಬೇಕೆಂಬ ಪ್ರಸ್ತಾಪವಿದೆ. ನದಿಯ ನೀರಿನಲ್ಲಿ ಪಾಲುಳ್ಳ ಆಂಧ್ರ ಮತ್ತು ತೆಲಂಗಾಣಗಳ ಒಪ್ಪಿಗೆಯೂ ಇದಕ್ಕೆ ಅಗತ್ಯ.

೨೭ ಟಿ.ಎಂ.ಸಿ. ನೀರಿಗೆ ಎಷ್ಟು ನೆಲ ಬೇಕು? ಒಂದು ಟಿ.ಎಂ.ಸಿ. ಎಂದರೆ ೨ ಕೋಟಿ ೮೩ ಲಕ್ಷ ಘನ ಮೀಟರು. ೨೭ರಿಂದ ಗುಣಿಸಿದರೆ ಸುಮಾರು ೭೬ ಕೋಟಿ ಘನ ಮೀಟರು. ಗಾತ್ರವನ್ನು ಆಳದಿಂದ ಭಾಗಿಸಿದರೆ ವಿಸ್ತೀರ್ಣ ಸಿಗುತ್ತದೆ. ಸರಾಸರಿ ಆಳ ೨೦ ಮೀಟರಾದರೆ ೩೮ ಚದರ ಕಿಲೋಮೀಟರು. ೧೦ ಮೀಟರಾದರೆ ೭೬ ಚದರ ಕಿಲೋಮೀಟರು, ಎಂದರೆ ಸುಮಾರು ೧೮,೮೦೦ ಎಕರೆ. ಹತ್ತು ಮೀಟರೆಂದುದು ಸುಮ್ಮನೆ ಆರಿಸಿದ ಸಂಖ್ಯೆಯಲ್ಲ. ತುಂಗಭದ್ರಾ ಆಣೆಕಟ್ಟಿನ ಎತ್ತರ ಸುಮಾರು ೪೯ ಮೀಟರು. ತುಂಬಿದಾಗ ನೀರು ಹರಡುವುದು ೩೭೮ ಚದರ ಕಿಲೋಮೀಟರು. ಮೊದಲಿನ ೧೩೩ ಟಿ.ಎಂ.ಸಿ.ಯನ್ನು ಇದರಿಂದ ಭಾಗಿಸಿ ನೋಡಿರಿ: ಸರಾಸರಿ ಆಳ ಹತ್ತೇ ಮೀಟರು! ಬಯಲುಸೀಮೆಯ ಜಲಾಶಯಗಳು ಬಟ್ಟಲಿನಂತಲ್ಲ, ತಟ್ಟೆಯಂತೆ.

ತಟ್ಟೆಗೆ ಇನ್ನೊಂದು ದೋಷವುಂಟು. ಆವಿಯಾಗುವುದು ನೀರಿನ ಮೇಲ್ಮೈಯಿಂದ. ಕೃಷ್ಣಾ ನ್ಯಾಯಮಂಡಳಿಯು ತುಂಗಭದ್ರಾ ಜಲಾಶಯದಿಂದ ಆವಿಯಾಗುವ ನೀರಿಗೆಂದೇ ೧೮ ಟಿ.ಎಂ.ಸಿ.ಯನ್ನು ಲೆಕ್ಕದಲ್ಲಿ ಬಿಟ್ಟಿದೆ. ವರ್ಷಕ್ಕೆ ಒಂದೂವರೆ ಮೀಟರು ಆವಿಯಾಗುವುದೆಂದು ಇಟ್ಟುಕೊಂಡರೆ, ವರ್ಷವಿಡೀ ತುಂಬಿರುವ ೭೬ ಚದರ ಕಿಲೋಮೀಟರಿನ ಕೆರೆಯಿಂದ ನಾಲ್ಕು ಟಿ.ಎಂ.ಸಿ., ೩೮ ಚದರ ಕಿಲೋಮೀಟರಿನದರಿಂದ ಎರಡು ಟಿ.ಎಂ.ಸಿ. ಗಾಳಿಯ ಪಾಲಾಗುತ್ತದೆ. ಆಳ ಹೆಚ್ಚಾದಷ್ಟೂ ನೆಲವೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ಆದರೆ ಒಡ್ಡು ಎತ್ತರವಾಗಬೇಕು, ಖರ್ಚು ಏರುತ್ತದೆ.

ಕೊನೆಗೆ ಜನರ ಲೆಕ್ಕ. ತುಂಗಭದ್ರಾ ಜಲಾಶಯದಲ್ಲಿ ಸುಮಾರು ೯೦ ಊರುಗಳು ಮುಳುಗಿ, ೫೦ ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಅಂದು ಮುಳುಗಿದ ನೆಲದಲ್ಲಿ ಚದರ ಕಿಲೋಮೀಟರಿಗೆ ೧೩೦ಕ್ಕಿಂತ ಹೆಚ್ಚು ಜನರಿದ್ದರೆಂದು ಇದರಿಂದ ತಿಳಿಯುತ್ತದೆ. ಇಂದಿನ ೨೧೦ರ ಸಾಂದ್ರತೆಯನ್ನು ನಮ್ಮ ಲೆಕ್ಕಕ್ಕೆ ಹೊಂದಿಸಿದರೆ ೩೮ ಚದರ ಕಿಲೋಮೀಟರಿಗೆ ಎಂಟು ಸಾವಿರ, ೭೬ಕ್ಕೆ ಹದಿನಾರು ಸಾವಿರ ಜನರಾಗುತ್ತಾರೆ. “ಹಾಗಾದರೆ ಊರುಗಳನ್ನು ತಪ್ಪಿಸಿ ಬರಿಯ ಹೊಲಗಳನ್ನು ಮುಳುಗಿಸಬಹುದಲ್ಲ?” ಎಂದು ಬುದ್ಧಿವಂತ ವಿದ್ಯಾರ್ಥಿ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಬಯಲುಸೀಮೆಯ ಮನೆಗಳು ಗುಂಪಾಗಿರುವುದರಿಂದ ಇದು ಎಷ್ಟೋ ಮಟ್ಟಿಗೆ ಸಾಧ್ಯ. ಆಗ ಮುಳುಗಿದ ಮನೆಗಳ ಪಟ್ಟಿ ಚಿಕ್ಕದಾಗುತ್ತದೆ. ಆದರೆ ಸಾಂದ್ರತೆಯ ಅರ್ಥವನ್ನು ನೆನೆಯಿರಿ: ಆ ಸಂಖ್ಯೆ ನೆಲದ ಮೇಲೆ ಮಲಗುವವರ ಲೆಕ್ಕವಲ್ಲ, ನೆಲದಿಂದ ಉಣ್ಣುವವರ ಲೆಕ್ಕ. ಮನೆ ಒಣಗಿಯೇ ಉಳಿದು ಹೊಲವೆಲ್ಲ ನೀರಿನಡಿಗೆ ಹೋದ ಕುಟುಂಬ ಯಾವ ಪಟ್ಟಿಯಲ್ಲಿ ಬರಬೇಕು? ಇನ್ನೊಬ್ಬರ ಹೊಲದಲ್ಲಿ ಕಳೆ ಕೀಳುವ ಕೂಲಿಯವಳು, ಕೋರಿಗೆ ಮಾಡುವ ಭೂಹೀನ ರೈತ, ಫೆಬ್ರುವರಿಯಲ್ಲಿ ಗುಳೆ ಹೋಗಿದ್ದವನು, ಇವರು ಯಾವ ಪಟ್ಟಿಯಲ್ಲಿ ಬರಬೇಕು?

ಕಾಲುವೆಯ ಕೊನೆಯ ರೈತನ ಬಾಯಾರಿಕೆ ಸುಳ್ಳಲ್ಲ. ನವಲಿಯ ರೈತನ ಅಂಜಿಕೆಯೂ ಸುಳ್ಳಲ್ಲ. ಇವೆರಡನ್ನೂ ತೂಗುವ ತಕ್ಕಡಿಯಲ್ಲಿ ಅಂಕಿಗಳೇ ಬಟ್ಟುಗಳು. ತೂಕದ ಬಟ್ಟು ಸರಿಯಿರಬೇಕಾದರೆ ಎಣಿಕೆ ಸರಿಯಿರಬೇಕು. ೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದೆ ಹೋಗಿ, ೨೦೨೭ರ ಮಾರ್ಚ್ ಒಂದನೆಯ ತಾರೀಖನ್ನು ಅದಕ್ಕೆ ಗೊತ್ತುಪಡಿಸಲಾಗಿದೆ. ಅದು ಕೊಡುವ ಅಂಕಿಗಳನ್ನು ಓದಲು ಈಗಲೇ ಸಿದ್ಧರಾಗಿರಿ. ನಿಮ್ಮ ಊರಿನ ನಕ್ಷೆಯನ್ನು ಸಂಪಾದಿಸಿ ಅದರ ವಿಸ್ತೀರ್ಣವನ್ನು ಅಳೆಯಿರಿ. ಮಳೆ ಬಂದಾಗ ಹಳ್ಳದ ನೀರು ಎತ್ತ ಹರಿಯುವುದೆಂದು ಹೋಗಿ ನೋಡಿರಿ. ನಿಮ್ಮ ಓಣಿಯಲ್ಲಿ ಮಾಘದಲ್ಲಿ ಎಷ್ಟು ಮನೆಗಳಿಗೆ ಬೀಗ, ಆಷಾಢದಲ್ಲಿ ಎಷ್ಟಕ್ಕೆ ಎಂದು ಬರೆದಿಡಿರಿ. ಆಮೇಲೆ ಯಾರಾದರೂ “ನಿಮ್ಮ ಊರಿನಲ್ಲಿ ಎಷ್ಟು ಜನ?” ಎಂದು ಕೇಳಿದರೆ, ನಿಮ್ಮ ಉತ್ತರ ಬರಿಯ ಒಂದು ಸಂಖ್ಯೆಯಾಗಿರುವುದಿಲ್ಲ.