ಹೃದಯವು ರೂಪುಗೊಳ್ಳುವ ಬಗೆ: ಒಂದು ಐತಿಹಾಸಿಕ ವಿವೇಚನೆ

ದೇಹದ ಅಂಗವೊಂದರ ಉತ್ಪತ್ತಿಯನ್ನು ಕುರಿತು ಚರಿತ್ರೆಯ ಅಧ್ಯಾಪಕನು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಮನುಷ್ಯನು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಕೇಳುತ್ತ ಬಂದಿರುವ ಪ್ರಶ್ನೆಯು ಚರಿತ್ರೆಗೂ ಸೇರಿದುದೇ ಆಗಿದೆ. ಕ್ರಿ. ಪೂ. 4ನೆಯ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲನು ಕಾವಿಗಿಟ್ಟ ಕೋಳಿಮೊಟ್ಟೆಗಳನ್ನು ಪರೀಕ್ಷಿಸಿ, ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ರಕ್ತದ ಚುಕ್ಕೆಯೊಂದು ಮಿಡಿಯುವುದನ್ನು ವರ್ಣಿಸಿದನು. ಆ ಚುಕ್ಕೆಯೇ ಹೃದಯ.

ಅದಕ್ಕೆ ಅಂತಹ ರೂಪವು ಎಲ್ಲಿಂದ ಬಂದಿತು? 17ನೆಯ ಶತಮಾನದಲ್ಲಿ ಈ ವಿಷಯವಾಗಿ ಎರಡು ಪಕ್ಷಗಳು ಏರ್ಪಟ್ಟವು. ಅಂಗಗಳೆಲ್ಲವೂ ಸೂಕ್ಷ್ಮರೂಪದಲ್ಲಿ ಮೊದಲೇ ಇದ್ದು, ಬರಿದೆ ದೊಡ್ಡವಾಗುತ್ತವೆ ಎಂಬುದು ಒಂದು ಪಕ್ಷ. ಅವು ಒಂದಾದ ಮೇಲೊಂದರಂತೆ ಹೊಸದಾಗಿ ಉಂಟಾಗುತ್ತವೆ ಎಂಬುದು ಇನ್ನೊಂದು. ರಕ್ತಪರಿಚಲನೆಯನ್ನು 1628ರಲ್ಲಿ ಪ್ರತಿಪಾದಿಸಿದ ವಿಲಿಯಂ ಹಾರ್ವೆಯು 1651ರ ತನ್ನ ಗ್ರಂಥದಲ್ಲಿ ಎರಡನೆಯ ಪಕ್ಷವನ್ನು ಹಿಡಿದನು. 1759ರಲ್ಲಿ ಜರ್ಮನಿಯ ಕ್ಯಾಸ್ಪರ್ ಫ್ರೀಡ್ರಿಕ್ ವೋಲ್ಫನು ಅದನ್ನು ಬಲಪಡಿಸಿದನು. ಆದರೆ ರೂಪವಿಲ್ಲದುದರಿಂದ ರೂಪವು ಬರುವುದು ಹೇಗೆಂಬುದಕ್ಕೆ 'ಮೂಲಭೂತ ಶಕ್ತಿ' ಎಂಬ ಹೆಸರನ್ನಷ್ಟೇ ಆತನು ಕೊಡಬಲ್ಲವನಾದನು. ಆ ಹೆಸರಿನ ಹಿಂದಿನ ಕಾರ್ಯವಿಧಾನವು 20ನೆಯ ಶತಮಾನದಲ್ಲಿ ಬೆಳಕಿಗೆ ಬರತೊಡಗಿತು.

1907ರಲ್ಲಿ ಎಚ್. ವಿ. ವಿಲ್ಸನ್ ಎಂಬ ಅಮೆರಿಕದ ವಿಜ್ಞಾನಿಯು ಸಮುದ್ರದ ಸ್ಪಂಜುಪ್ರಾಣಿಯನ್ನು ನವುರಾದ ರೇಷ್ಮೆಬಟ್ಟೆಯಲ್ಲಿ ಹಿಂಡಿ, ಅದರ ಜೀವಕೋಶಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿದನು; ಅವು ಮರಳಿ ಕೂಡಿಕೊಂಡು ಸ್ಪಂಜುಗಳಾದವು. 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಉಭಯಚರ ಪ್ರಾಣಿಗಳ ಭ್ರೂಣಕೋಶಗಳನ್ನು ಬೆರೆಸಿಟ್ಟಾಗ, ಒಂದೊಂದು ಜಾತಿಯ ಕೋಶವೂ ತನ್ನ ಜಾತಿಯದನ್ನು ಅರಸಿ ಸೇರಿಕೊಂಡಿತು. ಇದಕ್ಕೆ ಕಾರಣವಾದ ಅಂಟುಪ್ರೋಟೀನುಗಳನ್ನು ಜಪಾನಿನ ಮಸಾತೋಶಿ ತಾಕೇಚಿಯವರು ಗುರುತಿಸಿದರು. ಕ್ಯಾಲ್ಸಿಯಂ ಇದ್ದಲ್ಲಿ ಮಾತ್ರ ಹಿಡಿತವನ್ನು ಕೊಡುವ ಇವುಗಳಿಗೆ ಕ್ಯಾಡ್ಹೀರಿನ್ ಎಂದು ಹೆಸರು.

ಇನ್ನು ಹೃದಯದ ವಿಷಯಕ್ಕೆ ಬರೋಣ. ಮಾನವ ಭ್ರೂಣದಲ್ಲಿ ಹೃದಯದ ಕೋಶಗಳು ಮೊದಲು ಎಡಬಲಗಳಲ್ಲಿ ಎರಡು ಗುಂಪುಗಳಾಗಿರುತ್ತವೆ. ಅವು ನಡುವಿಗೆ ಸರಿದು ಕೂಡಿ ಒಂದು ಕೊಳವೆಯಾಗುತ್ತವೆ. ಸುಮಾರು 22ನೆಯ ದಿನ ಅದು ಮಿಡಿಯತೊಡಗುತ್ತದೆ. ಬಳಿಕ ಬಲಕ್ಕೆ ಬಾಗಿ, ಕ್ರಮೇಣ ನಾಲ್ಕು ಕೋಣೆಗಳಾಗಿ ವಿಭಾಗವಾಗುತ್ತದೆ. ಹೀಗೆ ಸರಿಯುವುದಕ್ಕೆ ಸಂಕೇತವೂ, ಕೂಡುವುದಕ್ಕೆ ಅಂಟೂ ಬೇಕು.

ಜೀಬ್ರಾಮೀನಿನ ಒಂದು ತಳಿಯಲ್ಲಿ ಈ ಎರಡು ಗುಂಪುಗಳು ಕೂಡದೆ, ಅಕ್ಕಪಕ್ಕದಲ್ಲಿ ಎರಡು ಹೃದಯಗಳಾಗುತ್ತವೆ. ದೋಷವಿರುವುದು ಒಂದು ಸಂಕೇತವನ್ನು ಗ್ರಹಿಸುವ ಪ್ರೋಟೀನಿನಲ್ಲಿ ಎಂಬುದು 2000ದಲ್ಲಿ ತಿಳಿದುಬಂದಿತು. ದೋಷವುಳ್ಳ ಭ್ರೂಣದ ಕೋಶಗಳನ್ನು ಆರೋಗ್ಯವಂತ ಭ್ರೂಣದಲ್ಲಿ ಇಟ್ಟರೆ ಅವು ಸರಿಯಾಗಿಯೇ ಚಲಿಸಿದವು. ಆರೋಗ್ಯವಂತ ಕೋಶಗಳು ದೋಷವುಳ್ಳ ಭ್ರೂಣದಲ್ಲಿ ಚಲಿಸಲಾರದೆ ಹೋದವು. ಎಂದರೆ, ಕೊರತೆಯಿದ್ದುದು ಹೃದಯದ ಕೋಶಗಳಲ್ಲಿ ಅಲ್ಲ, ಅವುಗಳ ನೆರೆಯಲ್ಲಿ.

ಅಂಟಿನ ಮಹತ್ವವು 1997ರಲ್ಲಿ ಸ್ಪಷ್ಟವಾಯಿತು. ಒಂದು ಬಗೆಯ ಕ್ಯಾಡ್ಹೀರಿನ್ ಇಲ್ಲದ ಇಲಿಯ ಭ್ರೂಣಗಳಲ್ಲಿ ಹೃದಯದ ಸ್ನಾಯುಕೋಶಗಳು ಹುಟ್ಟಿದವಾದರೂ ಪರಸ್ಪರ ಹಿಡಿದುಕೊಳ್ಳಲಾರದೆ ಸಡಿಲಗೊಂಡವು. ಭ್ರೂಣಗಳು ಸುಮಾರು 10ನೆಯ ದಿನಕ್ಕೆ ಸತ್ತವು.

ಹಾಗೆಂದು ಹಿಡಿತವೇ ಸರ್ವಸ್ವವಲ್ಲ. ಮೇಲಿನ ಮತ್ತು ಕೆಳಗಿನ ಕೋಣೆಗಳು ಸಂಧಿಸುವೆಡೆಯಲ್ಲಿ, ಹೊರಗಿನ ಸ್ನಾಯುಪದರವು ಒಳಪೊರೆಗೆ ಪ್ರೋಟೀನುಗಳ ಮೂಲಕ ಸಂಕೇತವನ್ನು ಕಳುಹಿಸುತ್ತದೆ. ಆಗ ಒಳಪೊರೆಯ ಕೆಲವು ಕೋಶಗಳು ನೆರೆಕೋಶಗಳ ಹಿಡಿತವನ್ನು ಬಿಟ್ಟು, ಎರಡು ಪದರಗಳ ನಡುವಣ ಲೋಳೆಯೊಳಕ್ಕೆ ಇಳಿದು ಮೆತ್ತೆಗಳಂತಹ ಉಬ್ಬುಗಳನ್ನು ನಿರ್ಮಿಸುತ್ತವೆ. ಈ ಉಬ್ಬುಗಳಿಂದಲೇ ಕವಾಟಗಳೂ ನಡುಗೋಡೆಯ ಒಂದು ಭಾಗವೂ ಆಗುತ್ತವೆ. ತಕ್ಕ ಸಮಯಕ್ಕೆ ಹಿಡಿಯುವಂತೆಯೇ ತಕ್ಕ ಸಮಯಕ್ಕೆ ಬಿಡುವುದೂ ಅವಶ್ಯಕ. ಇದು ತಪ್ಪಿದಲ್ಲಿ ಕವಾಟಗಳು ಕೆಡಬಹುದು, ಗೋಡೆಯಲ್ಲಿ ರಂಧ್ರವು ಉಳಿಯಬಹುದು.

ಈ ತಿಳಿವು ಕೇವಲ ಪಂಡಿತರ ಸೊತ್ತಲ್ಲ. ಹುಟ್ಟುವ ಪ್ರತಿ ನೂರು ಶಿಶುಗಳಲ್ಲಿ ಸುಮಾರು ಒಂದಕ್ಕೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ಅಂತಹ ಮನೆಯಲ್ಲಿ, ತಾಯಿ ಬಸುರಿಯಾಗಿದ್ದಾಗ ಏನು ತಿಂದಳು, ಯಾವ ಗ್ರಹಣವನ್ನು ನೋಡಿದಳು ಎಂಬ ವಿಚಾರಣೆಯು ನಮ್ಮಲ್ಲಿ ನಡೆಯುವುದುಂಟು. ಕೆಲವು ಕಾರಣಗಳು ನಿಶ್ಚಿತವಾಗಿವೆ: ಗರ್ಭದ ಆರಂಭದಲ್ಲಿ ತಾಯಿಗೆ ತಗಲುವ ರುಬೆಲ್ಲಾ ರೋಗವು ಅವುಗಳಲ್ಲೊಂದು, ಅದನ್ನು ಲಸಿಕೆಯಿಂದ ತಡೆಯಬಹುದು. ಕೆಲವು ಕುಟುಂಬಗಳಲ್ಲಿ ಜೀನಿನ ದೋಷವೇ ಕಾರಣವೆಂದು ಕಂಡುಬಂದಿದೆ. ಆದರೆ ಬಹುಪಾಲು ಮಕ್ಕಳಲ್ಲಿ ಇದೇ ಕಾರಣವೆಂದು ಯಾವುದೊಂದನ್ನೂ ತೋರಿಸಲಾಗದು. ಅದೂ ಅಲ್ಲದೆ, ಎಷ್ಟೋ ವೇಳೆ ಗರ್ಭವು ನಿಂತಿರುವುದೇ ತಾಯಿಗೆ ಇನ್ನೂ ತಿಳಿಯದಿರುವಾಗ ಹೃದಯದ ಮೊದಲ ಕಾರ್ಯವು ಮುಗಿದಿರುತ್ತದೆ.

ರಾಜ್ಯವೊಂದರ ಪತನಕ್ಕೆ ಒಬ್ಬನೇ ಅಪರಾಧಿಯನ್ನು ಹುಡುಕಬಾರದೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಅಸಂಖ್ಯಾತ ಕೋಶಗಳ ಕರೆ, ಹಿಡಿತ, ಬಿಡುಗಡೆಗಳಿಂದ ರೂಪುಗೊಳ್ಳುವ ಹೃದಯದ ವಿಷಯದಲ್ಲಿಯೂ ಆ ಪಾಠವನ್ನು ನೆನೆಯುವುದು ಉಚಿತ. ಹಾರ್ವೆಯ ಪಕ್ಷವು ಗೆದ್ದಿತು. ಆ ಗೆಲುವಿನ ಫಲವು ತಾಯಂದಿರಿಗೂ ಸಲ್ಲಬೇಕು.