ಚಳಿಗೆ ಹುಳು, ಬೇಸಗೆಗೆ ಹುಲ್ಲು

ಬಿಬಿಡಿ ಬಾಗ್‌ನ ಕಚೇರಿಗಳಲ್ಲಿ ಬಳಲಿದ ಗುಮಾಸ್ತರೂ, ಹೊಟೆಲಿನ ಒಲೆಯ ಮುಂದೆ ಬೆಂದ ನಮ್ಮ ಸೋದರರೂ ಶಕ್ತಿಮದ್ದೆಂಬ ಮಾತಿಗೆ ಕಿವಿಗೊಡುವುದು ಸಹಜವೇ. ಅಂಥ ಮದ್ದುಗಳಲ್ಲಿ ಅತಿ ದುಬಾರಿಯಾದುದು ಹಿಮಾಲಯದ ‘ಕೀಡಾ ಜಡಿ’.

ಸಿಕ್ಕಿಂ, ನೇಪಾಳ, ಉತ್ತರಾಖಂಡಗಳಲ್ಲಿ 3,500 ಮೀಟರಿಗೂ ಎತ್ತರದ ಹುಲ್ಲುಗಾವಲುಗಳಲ್ಲಿ ಈ ಶಿಲೀಂಧ್ರವು ಮಣ್ಣಿನೊಳಗಿನ ಪತಂಗದ ಮರಿಹುಳುವನ್ನು ಹೊಕ್ಕು ಕೊಲ್ಲುತ್ತದೆ. ಹಿಮ ಕರಗಿದೊಡನೆ ಅದರ ತಲೆಯಿಂದಲೇ ಮೊಳೆತು ಮೇಲೇಳುತ್ತದೆ. ಎಳೆಯದಕ್ಕೆ ಬೆಲೆ ಹೆಚ್ಚು. ಆದರೆ ಬೀಜಕಣ ಉದುರುವ ಮುನ್ನವೇ ಕಿತ್ತರೆ ಮುಂದಿನ ಬೆಳೆಗೆ ಬೀಜವೆಲ್ಲಿ? 2020ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಭೀತಿಯುಳ್ಳ ಜೀವಿಗಳ ಪಟ್ಟಿಗೆ ಸೇರಿಸಿತು.

ಆಯುವ ಬಡವನಿಗೆ ಆ ಕೆಲವು ವಾರಗಳ ಗಳಿಕೆಯೇ ವರ್ಷದ ಅನ್ನ, ಅವನನ್ನು ದೂರಲಾಗದು. ಕೊಳ್ಳುವವನು ಮಾತ್ರ ಯೋಚಿಸಬೇಕು. ಇದು ರೋಗ ಗುಣಪಡಿಸುವುದೆಂದು ಮನುಷ್ಯರ ಮೇಲೆ ನಡೆದ ದೊಡ್ಡ ಪರೀಕ್ಷೆಗಳು ಇನ್ನೂ ಸಿದ್ಧಪಡಿಸಿಲ್ಲ. ಬಳಲಿಕೆಗೆ ವೈದ್ಯರನ್ನು ಕಾಣುವುದೂ, ಉಳಿದ ಹಣವನ್ನು ಊರಿಗೆ ಕಳುಹಿಸುವುದೂ ಲೇಸು.